ಒಂದು ಒಲೆ, ಎರಡು ದುಡಿಮೆ



ಸಮಾಜಚಿಂತನೆಗೆ ಮೀಸಲಾದ ಈ ದತ್ತಿ ಉಪನ್ಯಾಸದಲ್ಲಿ ಬಹಳ ವಿಶಾಲವಾದ ವಿಷಯವೊಂದನ್ನು ಎತ್ತಿಕೊಳ್ಳಬಹುದಾಗಿತ್ತು. ಆದರೆ ರಾಜ್ಯಕ್ಕೂ ಪ್ರಜೆಗೂ ಇರುವ ಸಂಬಂಧದ ಸ್ವರೂಪವು ಮಹಾಶಾಸನಗಳ ಪೀಠಿಕೆಯಲ್ಲಿ ಕಾಣುವುದಕ್ಕಿಂತ ಸ್ಫುಟವಾಗಿ ಕಚೇರಿಯ ಮೇಜಿನ ಮೇಲಿಂದ ನಮ್ಮ ಕಡೆಗೆ ಸರಿದುಬರುವ ಅರ್ಜಿಯ ನಮೂನೆಯಲ್ಲಿ ಕಾಣುತ್ತದೆಂಬುದು ನನ್ನ ಬಹುಕಾಲದ ನಂಬಿಕೆಯಾದುದರಿಂದ, ಅಂಥ ನಮೂನೆಯೊಂದರ ಒಂದೇ ಪ್ರಶ್ನೆಯನ್ನು ಕುರಿತು ಈ ಸಂಜೆ ಮಾತನಾಡಬೇಕೆಂದಿದ್ದೇನೆ. ಪ್ರಶ್ನೆ ಬ್ರಿಟನ್ ದೇಶದ್ದು. ಕೆಲಸ ಕಳೆದುಕೊಂಡು ನಿರುದ್ಯೋಗ ಭತ್ಯೆಗಾಗಿ ಹೋದವನನ್ನು ಅಲ್ಲಿಯ ಕಚೇರಿ ಕೇಳುತ್ತಿತ್ತು: ನಿಮ್ಮೊಡನೆ ಬಾಳುತ್ತಿರುವವರು ದುಡಿಯುತ್ತಿದ್ದಾರೆಯೆ? ದುಡಿಯುತ್ತಿದ್ದರೆ ವಾರಕ್ಕೆ ಎಷ್ಟು ಗಂಟೆ? ಎಷ್ಟು ಸಂಬಳ?

ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ. 2009ರಲ್ಲಿ ನಾನು ಇಂಗ್ಲೆಂಡಿನ ಉತ್ತರ ಭಾಗದಲ್ಲಿ, ಒಂದು ಕಾಲಕ್ಕೆ ಹತ್ತಿಯ ಗಿರಣಿಗಳಿಂದ ಬದುಕಿದ್ದ ಊರೊಂದರಲ್ಲಿದ್ದೆ. ನಮಗೆ ಅಲ್ಲಿ ಖಾಯಂ ವಾಸದ ಅನುಮತಿ ದೊರೆತಿತ್ತು. ನಾನು ಮುದ್ರಣಾಲಯವೊಂದರಲ್ಲಿ ಲೆಕ್ಕ ಬರೆಯುತ್ತಿದ್ದೆ, ನಮ್ಮಾಕೆ ಆಸ್ಪತ್ರೆಯ ವಾರ್ಡೊಂದರಲ್ಲಿ ವಾರಕ್ಕೆ 30 ಗಂಟೆ ಶುಶ್ರೂಷೆಯ ಕೆಲಸ ಮಾಡುತ್ತಿದ್ದಳು. ಹಿಂದಿನ ವರ್ಷ ಬ್ಯಾಂಕುಗಳು ಕುಸಿದ ಪೆಟ್ಟು ನಮ್ಮ ಮುದ್ರಣಾಲಯದವರೆಗೆ ಬಂದು ಮುಟ್ಟಿ, ಮೂವರು ಒಂದೇ ದಿನ ಮನೆಗೆ ಹೋದೆವು. ಭತ್ಯೆಯ ಕಚೇರಿಯಲ್ಲಿ ನನ್ನೆದುರಿಗೆ ಕುಳಿತಿದ್ದ ಅಧಿಕಾರಿ ಸೌಜನ್ಯವಂತನೇ. ನಾನು ಎಷ್ಟು ವರ್ಷ ದುಡಿದಿದ್ದೆ, ಎಷ್ಟು ವಂತಿಗೆ ಕಟ್ಟಿದ್ದೆ ಎಂಬುದನ್ನು ಆತ ಕೇಳಲಿಲ್ಲ. ಹೆಂಡತಿಯ ದುಡಿಮೆಯ ಗಂಟೆಗಳನ್ನು ಕೇಳಿದ. 30 ಎಂದೆ. ಬರೆಯುತ್ತಿದ್ದ ಕೈ ನಿಂತಿತು. 24 ಗಂಟೆಗೆ ಮಿಗಿಲಾಗಿದ್ದರೆ ನಿಮಗೆ ಏನೂ ಸಲ್ಲುವುದಿಲ್ಲ ಎಂದು ಹೇಳಿ ಕಾಗದವನ್ನು ಮಡಿಸಿದ. ಮನೆಗೆ ಬಂದಾಗ ನಮ್ಮಾಕೆ, “ಏನಂದರು?” ಎಂದಳು. “ನಿನಗೆ ಕೆಲಸವಿದೆಯಂತೆ” ಎಂದೆ. ಅವಳಿಗೆ ಅದು ಅರ್ಥವಾಗಲು ತುಸು ಹೊತ್ತು ಹಿಡಿಯಿತು.

ಆತ ಹೇಳಿದುದು ಅರ್ಧ ಸತ್ಯ. ಉಳಿದ ಅರ್ಧವನ್ನು ತಿಳಿಯಬೇಕಾದರೆ ಆ ದೇಶದ ನಿರುದ್ಯೋಗ ಭತ್ಯೆಗೆ ಇರುವ ಎರಡು ವಂಶಗಳನ್ನು ತಿಳಿಯಬೇಕು.

ಒಂದು ವಂಶ ವಿಮೆಯದು. 1911ರ ರಾಷ್ಟ್ರೀಯ ವಿಮಾ ಕಾಯಿದೆಯು ಹಡಗುನಿರ್ಮಾಣ, ಕಟ್ಟಡ, ಯಂತ್ರನಿರ್ಮಾಣ ಮೊದಲಾದ ಕೆಲವು ಕಸುಬುಗಳವರಿಂದಲೂ ಅವರ ಮಾಲಿಕರಿಂದಲೂ ವಾರವಾರವೂ ವಂತಿಗೆ ಕೂಡಿಸಿ, ಸರಕಾರವೂ ತನ್ನ ಪಾಲು ಸೇರಿಸಿ, ಕೆಲಸ ತಪ್ಪಿದ ವಾರಗಳಲ್ಲಿ 7 ಷಿಲಿಂಗು ಕೊಡುವ ಏರ್ಪಾಡನ್ನು ಮಾಡಿತು. ವರ್ಷಕ್ಕೆ 15 ವಾರ ಅದರ ಮಿತಿ. ಕೊಟ್ಟವನು ಪಡೆಯುತ್ತಾನೆ, ಅವನ ಮನೆಯಲ್ಲಿ ಯಾರಿದ್ದಾರೆ, ಪೆಟ್ಟಿಗೆಯಲ್ಲಿ ಏನಿದೆ ಎಂಬುದು ಯಾರ ಪ್ರಶ್ನೆಯೂ ಅಲ್ಲ. ಇನ್ನೊಂದು ವಂಶ ಬಹಳ ಹಳೆಯದು, ಎಲಿಜಬೆತ್ ರಾಣಿಯ ಕಾಲದ ದರಿದ್ರರ ಕಾನೂನಿನಿಂದ ಇಳಿದುಬಂದುದು. ಅಲ್ಲಿ ಕೊಡುವುದು ಋಣವಲ್ಲ, ದಯೆ. ದಯೆಗೆ ಪಾತ್ರನೋ ಅಲ್ಲವೋ ಎಂದು ಕೊಡುವವನು ಪರೀಕ್ಷಿಸಬೇಕು, ಪರೀಕ್ಷೆಯೆಂದರೆ ಬೇಡುವವನ ಇಡಿಯ ಸಂಸಾರವನ್ನು ತೆರೆದು ನೋಡುವುದು. ಬ್ರಿಟನ್ನಿನ ಕಳೆದ ನೂರು ವರ್ಷಗಳ ನಿರುದ್ಯೋಗನೀತಿಯೆಂದರೆ ಈ ಎರಡು ವಂಶಗಳ ಜಗ್ಗಾಟ. ಕಷ್ಟಕಾಲ ಬಂದಾಗಲೆಲ್ಲ ಎರಡನೆಯದೇ ಗೆದ್ದಿತು.

ಅದು ಹೇಗೆ ಗೆದ್ದಿತೆಂಬುದನ್ನು 1931ರಲ್ಲಿ ಕಾಣಬಹುದು. ಆ ವರ್ಷದ ಬೇಸಗೆಯಲ್ಲಿ, ಬ್ರಿಟಿಷ್ ಸಂಪುಟದ ಪ್ರಥಮ ಮಹಿಳಾ ಸಚಿವೆಯಾದ ಮಾರ್ಗರೆಟ್ ಬಾಂಡ್‌ಫೀಲ್ಡ್ ಅವರ ಇಲಾಖೆಯೇ ತಂದ ‘ಅನಾಮಲೀಸ್’ ಕಾಯಿದೆಯ ಮೇರೆಗೆ, ವಿವಾಹಿತ ಸ್ತ್ರೀಯರು ತಾವು ಕಟ್ಟಿದ ವಿಮೆಯ ಹಣವನ್ನು ಪಡೆಯಲು ಮದುವೆಯ ತರುವಾಯ ಮತ್ತೆ ಇಂತಿಷ್ಟು ವಂತಿಗೆ ಕಟ್ಟಿರಬೇಕೆಂದೂ ತಮ್ಮ ಪ್ರಾಂತದಲ್ಲಿ ಕೆಲಸ ಸಿಗುವ ಸಂಭವವುಂಟೆಂದು ತೋರಿಸಬೇಕೆಂದೂ ನಿಯಮವಾಯಿತು. ಮಗ್ಗದ ಮುಂದೆ ಗಂಡಸಿನ ಸಮಕ್ಕೆ ನಿಂತು ದುಡಿದ ಲ್ಯಾಂಕಷೈರಿನ ನೇಕಾರಗಿತ್ತಿಯರು, ಮನೆಯಲ್ಲಿ ಗಂಡನಿದ್ದಾನಲ್ಲವೆ ಎಂಬ ಒಂದೇ ತರ್ಕಕ್ಕೆ ಸಿಕ್ಕಿ, ಹಕ್ಕಿನ ಪಟ್ಟಿಯಿಂದ ಹೊರಗಾದರು. ನನ್ನ ವಿಷಯದ ಬೀಜ ಇಲ್ಲಿದೆ. ಆಗಸ್ಟಿನಲ್ಲಿ ಸರಕಾರ ಬಿದ್ದಿತು. ಅದರ ಪ್ರಧಾನಿಯಾಗಿದ್ದ ರಾಮ್ಸೆ ಮೆಕ್‌ಡೊನಾಲ್ಡರ ನೇತೃತ್ವದಲ್ಲೇ ರಾಷ್ಟ್ರೀಯ ಸರಕಾರವೊಂದು ಏರ್ಪಟ್ಟಿತು. ಭತ್ಯೆಯಲ್ಲಿ ಹತ್ತನೆಯ ಒಂದು ಪಾಲು ಕಡಿತವಾಗಿ, ಗಂಡಸಿಗೆ ಬರುತ್ತಿದ್ದ 17 ಷಿಲಿಂಗು 15 ಷಿಲಿಂಗು 3 ಪೆನ್ಸ್‌ಗೆ ಇಳಿಯಿತು. 26 ವಾರಗಳ ವಿಮೆ ತೀರಿದವರು ನವೆಂಬರಿನಿಂದ ‘ಮೀನ್ಸ್ ಟೆಸ್ಟ್’ ಎಂಬ ಸಾಧನಪರೀಕ್ಷೆಗೆ ಒಳಗಾದರು.

ಪರೀಕ್ಷೆಗೆ ಒಳಪಟ್ಟುದು ವ್ಯಕ್ತಿಯಲ್ಲ, ಮನೆ. ಒಂದು ಸೂರಿನ ಕೆಳಗಿನ ಮಗನ ಕೂಲಿ, ಮಗಳ ಕೂಲಿ, ಮುದುಕ ತಂದೆಯ ಪಿಂಚಣಿ, ಉಳಿತಾಯದ ಪುಸ್ತಕ ಎಲ್ಲವನ್ನೂ ಕೂಡಿಸಿ, ಅಷ್ಟರಿಂದ ಮನೆ ನಡೆಯಬಹುದೆಂದು ಸ್ಥಳೀಯ ಸಮಿತಿಗೆ ತೋರಿದರೆ, ಕೆಲಸವಿಲ್ಲದ ಗೃಹಸ್ಥನಿಗೆ ಕೊಡುವುದು ಕಡಿಮೆಯಾಗುತ್ತಿತ್ತು, ಅಥವಾ ನಿಂತೇ ಹೋಗುತ್ತಿತ್ತು. ತನಿಖೆಯ ಮನುಷ್ಯ ಮನೆಯೊಳಕ್ಕೆ ಬಂದು ಕುರ್ಚಿ ಮೇಜುಗಳನ್ನು ಎಣಿಸಿ, ಇದನ್ನು ಮಾರಬಹುದಲ್ಲ ಎನ್ನುತ್ತಿದ್ದುದು ಆ ಊರುಗಳ ಜನರ ನೆನಪಿನಿಂದ ಇನ್ನೂ ಅಳಿದಿಲ್ಲ. ಡರಂ ಜಿಲ್ಲೆ ಮತ್ತು ರಾದರ್‌ಹ್ಯಾಂ ಪಟ್ಟಣದ ಸಮಿತಿಗಳು ಈ ಕ್ರೌರ್ಯವನ್ನು ಪೂರ್ತಿಯಾಗಿ ನಡೆಸಲೊಪ್ಪದೆ ಧಾರಾಳವಾಗಿ ಕೊಟ್ಟುದಕ್ಕೆ, 1932ರಲ್ಲಿ ಸರಕಾರ ಅವನ್ನು ಬದಿಗೊತ್ತಿ ತನ್ನ ಕಮಿಷನರುಗಳನ್ನು ಕೂರಿಸಿತು. ಜಾರ್ಜ್ ಆರ್ವೆಲ್ 1937ರಲ್ಲಿ ಪ್ರಕಟಿಸಿದ ‘ದಿ ರೋಡ್ ಟು ವಿಗನ್ ಪಿಯರ್’ ಗ್ರಂಥದಲ್ಲಿ, ಈ ಪರೀಕ್ಷೆಯ ಅತ್ಯಂತ ಕಠೋರವಾದ ಫಲ ಅದು ಕುಟುಂಬಗಳನ್ನು ಒಡೆದುದೇ ಎಂದು ತೀರ್ಮಾನಿಸಿದನು.

ಕುಟುಂಬ ಒಡೆಯುವುದೆಂದರೇನೆಂಬುದನ್ನು ನಾನು ಕೇಳಿದುದು ನಮ್ಮ ಪಕ್ಕದ ಮನೆಯ ವೃದ್ಧೆಯಿಂದ. ಆಕೆಗೆ ಆಗ ತೊಂಬತ್ತರ ಸಮೀಪ. ನನಗೆ ಕೆಲಸ ಹೋದ ಸುದ್ದಿ ಕೇಳಿ ಒಂದು ಸಂಜೆ ಬಂದು ಕುಳಿತು, ತನ್ನ ಅಣ್ಣನ ಕಥೆಯನ್ನು ಹೇಳಿದಳು. ತಂದೆಗೆ ಗಿರಣಿ ಮುಚ್ಚಿ ಎರಡು ವರ್ಷವಾಗಿತ್ತು; ಅಣ್ಣನಿಗೆ ಹತ್ತೊಂಬತ್ತು, ರೊಟ್ಟಿಯಂಗಡಿಯೊಂದರಲ್ಲಿ ಕೂಲಿ. ಅವನ ಕೂಲಿಯನ್ನು ತಂದೆಯ ಲೆಕ್ಕಕ್ಕೆ ಹಿಡಿದ ವಾರವೇ ಅವನು ತನ್ನ ಬಟ್ಟೆಗಂಟನ್ನು ಹೊತ್ತು ಎರಡು ಬೀದಿಯಾಚೆಯ ಚಿಕ್ಕಮ್ಮನ ಮನೆಗೆ ಹೋದ. ಜಗಳವಿರಲಿಲ್ಲ, ಅವನು ಹೋದರೆ ತಂದೆಗೆ ಭತ್ಯೆ ಬರುತ್ತದೆ, ಅಷ್ಟೆ. ರಾತ್ರಿ ಕತ್ತಲಾದ ಮೇಲೆ ಹಿತ್ತಿಲ ಓಣಿಯಿಂದ ಬಂದು, ತಾಯಿ ಮಾಡಿಟ್ಟ ಊಟವನ್ನು ದೀಪವಿಲ್ಲದೆ ಉಂಡು ಹೋಗುತ್ತಿದ್ದನಂತೆ, ಏತಕ್ಕೆಂದರೆ ಉಂಡ ತಟ್ಟೆಯನ್ನು ಯಾರಾದರೂ ನೋಡಿ ಬರೆದುಕೊಟ್ಟಾರೆಂಬ ಭಯ. ಇದನ್ನು ಹೇಳುವಾಗ ಆ ಮುದುಕಿಯ ದನಿಯಲ್ಲಿ ಎಪ್ಪತ್ತು ವರ್ಷ ಹಳೆಯದಾದ ಕೋಪ ಇತ್ತು.

ಆ ಕೋಪ ವ್ಯರ್ಥವಾಗಲಿಲ್ಲ. ಪರೀಕ್ಷೆಯನ್ನು ಸ್ಥಳೀಯ ಸಮಿತಿಗಳಿಂದ ತೆಗೆದು ಕೇಂದ್ರದ ಮಂಡಲಿಯೊಂದಕ್ಕೆ ಒಪ್ಪಿಸಿದ 1934ರ ಕಾಯಿದೆಯ ಮೇರೆಗೆ ಹೊಸ ದರಗಳು 1935ರ ಜನವರಿಯಲ್ಲಿ ಜಾರಿಗೆ ಬಂದು, ಹಲವು ಕಡೆ ಹಿಂದೆ ಬರುತ್ತಿದ್ದುದಕ್ಕಿಂತ ಕಡಿಮೆಯಾದಾಗ, ದಕ್ಷಿಣ ವೇಲ್ಸಿನ ಕಲ್ಲಿದ್ದಲ ಕಣಿವೆಗಳು ಬೀದಿಗಿಳಿದುವು. ಮರ್ಥರ್ ಟಿಡ್‌ವಿಲ್ ಪಟ್ಟಣದಲ್ಲಿ ಹೆಂಗಸರು ಮುಂದಾಗಿ ಮಂಡಲಿಯ ಕಚೇರಿಗೆ ನುಗ್ಗಿದರು. ಫೆಬ್ರವರಿಯ ಮೊದಲ ವಾರದಲ್ಲೇ ಸರಕಾರ ಆ ದರಗಳನ್ನು ತಡೆಹಿಡಿಯಬೇಕಾಯಿತು. ಕೊನೆಗೆ ಯುದ್ಧದ ನಡುವೆ, ಅರ್ನೆಸ್ಟ್ ಬೆವಿನ್ ಕಾರ್ಮಿಕ ಸಚಿವನಾಗಿದ್ದಾಗ, 1941ರ ಕಾಯಿದೆಯೊಂದು ಮನೆಯ ಪರೀಕ್ಷೆಯನ್ನು ತೊಡೆದುಹಾಕಿತು. ಇನ್ನು ಮೇಲೆ ಮಗನ ಕೂಲಿಯಿಂದ ತಂದೆಯನ್ನು ಅಳೆಯುವಂತಿಲ್ಲ, ತಂದೆಯ ಪಿಂಚಣಿಯಿಂದ ಮಗನನ್ನು ಅಳೆಯುವಂತಿಲ್ಲ.

ಆದರೆ ಗಂಡ ಹೆಂಡಿರನ್ನು ಆ ಕಾಯಿದೆ ಬಿಡಿಸಲಿಲ್ಲ. ಚರಿತ್ರೆಕಾರರು ಇದನ್ನು ಒಂದು ವಾಕ್ಯದಲ್ಲಿ ಹೇಳಿ ಮುಂದಕ್ಕೆ ಹೋಗುತ್ತಾರೆ. ನಾನು ಇಲ್ಲಿ ನಿಲ್ಲಬಯಸುತ್ತೇನೆ. ತಾಯಿ ಮಕ್ಕಳ ನಡುವಿನ ಮಮತೆಯನ್ನು ಭತ್ಯೆಯ ಲೆಕ್ಕಕ್ಕೆ ಎಳೆದು ತರಬಾರದೆಂಬ ವಿವೇಕವು ರಾಜ್ಯಕ್ಕೆ ಹತ್ತು ವರ್ಷದ ಸಂಕಟದಿಂದ ಬಂದಿತು. ದಂಪತಿಗಳ ವಿಷಯದಲ್ಲಿ ಆ ವಿವೇಕ ಇಂದಿಗೂ ಬಂದಿಲ್ಲ. ಅಂದಿನ ಬಂಗಾಳದ ರಂಗಪುರದಲ್ಲಿ ಹುಟ್ಟಿದ ವಿಲಿಯಂ ಬೆವರಿಜ್ 1942ರ ಡಿಸೆಂಬರಿನಲ್ಲಿ ಪ್ರಕಟಿಸಿದ ಸುಪ್ರಸಿದ್ಧ ವರದಿ ವಿಮೆಯ ವಂಶವನ್ನು ಪಟ್ಟಕ್ಕೇರಿಸಿ, ಪರೀಕ್ಷೆಯ ವಂಶವನ್ನು ಅಂಚಿಗೆ ಸರಿಸಬೇಕೆಂದಿತು; ಆದರೆ ಅದೂ ಗಂಡ ದುಡಿಯುವವನು, ಹೆಂಡತಿ ಅವನ ಆಶ್ರಿತೆ ಎಂಬ ಗ್ರಹಿಕೆಯ ಮೇಲೆಯೇ ಕಟ್ಟಿದ ಸೌಧ. ಯುದ್ಧಾನಂತರದ ಹೊಸ ಏರ್ಪಾಡು ಜಾರಿಗೆ ಬಂದ 1948ರ ತರುವಾಯ ಕೂಡ, ಮದುವೆಯಾಗದೆ ಕೂಡಿ ಬಾಳುವವರನ್ನು ದಂಪತಿಗಳೆಂದೇ ಎಣಿಸಿದರು. 1983ರವರೆಗೆ ಜೋಡಿಯ ಪರವಾಗಿ ಪರೀಕ್ಷಾಧೀನ ಭತ್ಯೆಯನ್ನು ಕೇಳುವ ಅಧಿಕಾರ ಸಾಮಾನ್ಯವಾಗಿ ಗಂಡಸಿಗೇ ಇತ್ತು. 1996ರ ಅಕ್ಟೋಬರಿನಲ್ಲಿ ಜಾಬ್‌ಸೀಕರ್ಸ್ ಅಲೋಯನ್ಸ್ ಎಂಬ ಹೊಸ ಹೆಸರಿನಲ್ಲಿ ಎರಡು ವಂಶಗಳನ್ನೂ ಒಂದೇ ಸೂರಿಗೆ ತಂದಾಗ, ವಂತಿಗೆಯ ಮೇಲೆ ಸಿಗುತ್ತಿದ್ದ ಒಂದು ವರ್ಷದ ಹಕ್ಕು ಆರು ತಿಂಗಳಿಗೆ ಕುಗ್ಗಿತು. ವರಮಾನದ ಮೇಲೆ ಸಿಗುವ ಭಾಗಕ್ಕೆ ಸಂಗಾತಿಯ 24 ಗಂಟೆಯ ಗಡಿ ಬಂದಿತು. ಗಡಿಯೊಳಗೆ ದುಡಿದರೂ ಜೋಡಿಗೆ ವಾರಕ್ಕೆ 10 ಪೌಂಡು ಬಿಟ್ಟು ಉಳಿದ ಪ್ರತಿಯೊಂದು ಪೌಂಡಿಗೆ ಪ್ರತಿಯಾಗಿ ಒಂದು ಪೌಂಡು ಕಡಿತ.

ಭತ್ಯೆಯ ಕಚೇರಿಯ ಅಧಿಕಾರಿ ನನಗೆ ಹೇಳದೆ ಬಿಟ್ಟ ಅರ್ಧ ಸತ್ಯ ಈಗ ಸ್ಪಷ್ಟವಾಗಿರಬಹುದು. 24 ಗಂಟೆಯ ಗಡಿ ಇದ್ದುದು ವರಮಾನದ ಭಾಗಕ್ಕೆ ಮಾತ್ರ. ವಂತಿಗೆಯ ಭಾಗವು ನನ್ನದು; ಕಳೆದ ಎರಡು ತೆರಿಗೆ ವರ್ಷಗಳಲ್ಲಿ ನಾನು ಕಟ್ಟಿದ್ದ ಹಣದಿಂದ ಹುಟ್ಟಿದ ಹಕ್ಕು; ವಾರಕ್ಕೆ 64 ಪೌಂಡು 30 ಪೆನ್ಸ್, 26 ವಾರ; ಅದಕ್ಕೂ ನಮ್ಮಾಕೆಯ ಸಂಬಳಕ್ಕೂ ಯಾವ ಸಂಬಂಧವೂ ಇರಲಿಲ್ಲ. ಇದನ್ನು ನನಗೆ ತಿಳಿಸಿದವನು ಒಂಬತ್ತು ವಾರಗಳ ಮೇಲೆ ಬಸ್ ನಿಲ್ದಾಣದಲ್ಲಿ ಸಿಕ್ಕಿದ ಹಳೆಯ ಸಹೋದ್ಯೋಗಿ. ಒಂದು ದೇಶದಲ್ಲಿ ಪರೀಕ್ಷೆಯ ವಂಶ ಎಷ್ಟು ಬೆಳೆದುಬಿಟ್ಟಿತೆಂದರೆ, ವಿಮೆಯ ವಂಶ ಜೀವಂತವಾಗಿದೆಯೆಂಬುದೇ ಕಚೇರಿಯ ಮರೆವಿಗೆ ಸಂದಿತ್ತು.

ಇಂದು ಆ ಪರೀಕ್ಷೆಯ ಹೆಸರು ಯೂನಿವರ್ಸಲ್ ಕ್ರೆಡಿಟ್. 2012ರ ಕಾಯಿದೆಯಿಂದ ಹುಟ್ಟಿ 2013ರಲ್ಲಿ ಮ್ಯಾಂಚೆಸ್ಟರಿನ ಸಮೀಪದ ಆಷ್ಟನ್ ಅಂಡರ್ ಲೈನ್‌ನಲ್ಲಿ ಮೊದಲಾದ ಈ ಕ್ರಮದಲ್ಲಿ ಗಂಟೆಗಳ ಗಡಿಯಿಲ್ಲ. ಜೋಡಿಯವರಿಬ್ಬರೂ ಕೂಡಿಯೇ ಅರ್ಜಿ ಹಾಕಬೇಕು. ದುಡಿಯುವವರ ಕೈಗೆ ಬಂದ ಪ್ರತಿ ಪೌಂಡಿಗೆ 55 ಪೆನ್ಸ್‌ನಂತೆ ಭತ್ಯೆ ಕರಗುತ್ತದೆ. ಮೊದಲು ಈ ಕಡಿತ 65 ಪೆನ್ಸ್ ಇತ್ತು, 2017ರಲ್ಲಿ 63 ಆಯಿತು, 2021ರಲ್ಲಿ 55ಕ್ಕೆ ಇಳಿಯಿತು. ಹಳೆಯ ಪೂರ್ಣ ಕಡಿತಕ್ಕೆ ಹೋಲಿಸಿದರೆ ಇದು ಸುಧಾರಣೆಯೆಂದು ಒಪ್ಪಲೇಬೇಕು. ಆದರೂ ಒಂದು ಲೆಕ್ಕ ಹಾಕಿ ನೋಡೋಣ. 2025-26ರ ದರದಂತೆ 25 ವರ್ಷ ದಾಟಿದ ಜೋಡಿಗೆ ತಿಂಗಳಿಗೆ 628 ಪೌಂಡು 10 ಪೆನ್ಸ್. ಮಕ್ಕಳಿಲ್ಲ, ಬಾಡಿಗೆಯಿಲ್ಲ, ಇಬ್ಬರೂ ಆರೋಗ್ಯವಂತರು ಎಂದಿಟ್ಟುಕೊಂಡರೆ, ದುಡಿಯುವವರ ಕೈಸಂಬಳ ಸುಮಾರು 1,142 ಪೌಂಡಿಗೆ ಮುಟ್ಟಿದೊಡನೆ ಭತ್ಯೆ ಶೂನ್ಯ. 2025ರ ಏಪ್ರಿಲ್‌ನಿಂದ ಅಲ್ಲಿಯ ಕನಿಷ್ಠ ಕೂಲಿ ಗಂಟೆಗೆ 12 ಪೌಂಡು 21 ಪೆನ್ಸ್ ಇತ್ತು. ಆ ಕನಿಷ್ಠ ಕೂಲಿಯಲ್ಲಿಯೇ ವಾರಕ್ಕೆ 24 ಗಂಟೆ ದುಡಿದರೂ ತೆರಿಗೆ ಕಳೆದು ಕೈಗೆ ಬರುವುದು ಈ ಮೊತ್ತವನ್ನು ಮೀರುತ್ತಿತ್ತು. ಹಳೆಯ ಗಡಿಯನ್ನು ಕಾನೂನಿನಿಂದ ತೆಗೆದರೂ ಅದು ಗಣಿತದಲ್ಲಿ ಹೆಚ್ಚುಕಡಿಮೆ ಅಲ್ಲಿಯೇ ನಿಂತಿದೆ. ಮಕ್ಕಳೋ ಬಾಡಿಗೆಯೋ ಇದ್ದರೆ ಮಿತಿ ಮೇಲಕ್ಕೆ ಹೋಗುತ್ತದೆ ನಿಜ. ಆದರೆ ಇಬ್ಬರ ಉಳಿತಾಯ ಕೂಡಿ 16,000 ಪೌಂಡು ದಾಟಿತೆಂದರೆ ಬಾಗಿಲೇ ಮುಚ್ಚುತ್ತದೆ. 2006ರಿಂದ ಈಚೆಗೆ ಬೆಲೆಗಳೆಲ್ಲ ಏರಿದರೂ ಈ ಅಂಕಿ ಏರಲಿಲ್ಲ.

ಇಲ್ಲಿ ಪೂರ್ವಪಕ್ಷವನ್ನು ನ್ಯಾಯವಾಗಿ ಮಂಡಿಸಬೇಕು. ಒಂದು ಒಲೆಯಲ್ಲಿ ಉಣ್ಣುವವರದು ಒಂದು ಸಂಸಾರವಲ್ಲವೆ? ಭಾರಿ ಸಂಬಳದ ವೈದ್ಯನ ಹೆಂಡತಿ ಕೆಲಸ ಬಿಟ್ಟರೆ, ಕಸ ಗುಡಿಸುವವನು ಕಟ್ಟಿದ ತೆರಿಗೆಯಿಂದ ಆಕೆಗೆ ಭತ್ಯೆ ಕೊಡುವುದು ಧರ್ಮವೆ? ಇದು ಹಗುರವಾದ ಆಕ್ಷೇಪವಲ್ಲ. ಒಲೆಯನ್ನು ಎಣಿಸುವ ಈ ಪದ್ಧತಿ ನಮಗೂ ಅಪರಿಚಿತವಲ್ಲ. ನಮ್ಮ ಹಳ್ಳಿಗಳಲ್ಲಿ ರೇಷನ್ ಕಾರ್ಡಿಗಾಗಿ ಅಣ್ಣತಮ್ಮಂದಿರು ಒಂದೇ ಜಗಲಿಯ ಮೇಲೆ ಕುಳಿತುಕೊಂಡೇ ಕಾಗದದ ಮೇಲೆ ಒಲೆ ಬೇರೆ ಮಾಡಿಕೊಂಡುದನ್ನು ನಾವೆಲ್ಲ ಕಂಡಿದ್ದೇವೆ. 2023ರಲ್ಲಿ ಆರಂಭವಾದ ನಮ್ಮ ಗೃಹಲಕ್ಷ್ಮಿ ಯೋಜನೆಯ 2,000 ರೂಪಾಯಿ ಮನೆಯ ಯಜಮಾನಿಯ ಹೆಸರಿಗೆ ಬಂದರೂ, ಗಂಡ ಆದಾಯ ತೆರಿಗೆ ಕಟ್ಟುವವನಾದರೆ ಬರುವುದಿಲ್ಲ. ಆದರೆ ಪದವೀಧರರ ಯುವನಿಧಿಯ 3,000 ರೂಪಾಯಿಗೆ ಕೈಹಿಡಿದವರ ಸಂಬಳ ಅಡ್ಡ ಬರುವುದಿಲ್ಲ. ಎರಡು ವಂಶಗಳ ಜಗ್ಗಾಟ ನಮ್ಮ ಅಂಗಳದಲ್ಲಿಯೂ ಮೊಳೆತಿದೆ.

ಪೂರ್ವಪಕ್ಷಕ್ಕೆ ನನ್ನ ಉತ್ತರ ಹೀಗಿದೆ. 1990ರಿಂದ ಬ್ರಿಟನ್ ತನ್ನ ದಂಪತಿಗಳಿಂದ ಆದಾಯ ತೆರಿಗೆಯನ್ನು ಬೇರೆ ಬೇರೆಯಾಗಿಯೇ ಎತ್ತುತ್ತದೆ. ಹೆಂಡತಿಯ ಸಂಬಳ ಹೆಂಡತಿಯದು, ಗಂಡನದು ಗಂಡನದು. ಸ್ತ್ರೀಯ ಸ್ವಾತಂತ್ರ್ಯವನ್ನು ಮನ್ನಿಸಿ ಮಾಡಿದ ಆ ತಿದ್ದುಪಾಟು ಶ್ಲಾಘ್ಯವಾದುದೇ. ವಿಮೆಯ ವಂತಿಗೆಯನ್ನು ಇಬ್ಬರಿಂದಲೂ ಪ್ರತ್ಯೇಕವಾಗಿ ಹಿಡಿಯುತ್ತದೆ. ತೆಗೆದುಕೊಳ್ಳುವಾಗ ಇಬ್ಬರೆಂದು ಎಣಿಸಿದ ರಾಜ್ಯವು ಕೊಡುವಾಗ ಒಬ್ಬರೆಂದು ಎಣಿಸುವುದಕ್ಕೆ ಯಾವ ತತ್ತ್ವದ ಆಧಾರವಿದೆ? ಇಬ್ಬರ ಹಣವೂ ಒಂದೇ ಚೀಲದ್ದೆಂದು ಭಾವಿಸುವುದು ದಂಪತಿಗಳು ತಾವಾಗಿಯೇ ಮಾಡಿಕೊಳ್ಳುವ ಒಪ್ಪಂದ. ಅದು ಪ್ರೀತಿಯ ಫಲ. ಕೆಲವು ಮನೆಗಳಲ್ಲಿ ಅದು ಇರುವುದೇ ಇಲ್ಲ. ಇಲ್ಲದ ಮನೆಯಲ್ಲಿ ಅದು ಇದೆಯೆಂದು ಕಾನೂನು ಭಾವಿಸಿದಾಗ, ಕೆಲಸ ಕಳೆದುಕೊಂಡವರು, ಹೆಚ್ಚಾಗಿ ಹೆಂಗಸರು, ಪ್ರತಿಯೊಂದು ಪೆನ್ನಿಗೂ ಗಂಡನ ಮುಖ ನೋಡಬೇಕಾಗುತ್ತದೆ. ಯೂನಿವರ್ಸಲ್ ಕ್ರೆಡಿಟ್ ಸಾಮಾನ್ಯವಾಗಿ ಜೋಡಿಗೆ ಒಂದೇ ಖಾತೆಗೆ ಬರುವುದರಿಂದ ಹಿಂಸೆಯ ಮನೆಗಳಲ್ಲಿ ಅದು ಹಿಂಸಕನ ಹಿಡಿತವನ್ನು ಬಿಗಿಗೊಳಿಸುತ್ತದೆಂದು ಸ್ತ್ರೀರಕ್ಷಣೆಯ ಸಂಸ್ಥೆಗಳು ಮೊದಲಿನಿಂದಲೂ ಎಚ್ಚರಿಸುತ್ತ ಬಂದಿವೆ. ಇನ್ನು ಕಡಿಮೆ ಸಂಬಳದ ಮನೆಗಳಲ್ಲಿ, ಗಂಡ ಕೆಲಸ ಕಳೆದುಕೊಂಡಾಗ ಹೆಂಡತಿ ತನ್ನ ಅರೆಹೊತ್ತಿನ ಕೆಲಸವನ್ನು ಬಿಡುವುದೇ ಲಾಭವೆಂಬ ಸ್ಥಿತಿಯನ್ನು ಹಳೆಯ ಪೌಂಡಿಗೆ ಪೌಂಡಿನ ಕಡಿತ ದಶಕಗಳ ಕಾಲ ಉಂಟುಮಾಡಿತು. ಎರಡು ದುಡಿಮೆಯ ಮನೆ ಒಂದು ದುಡಿಮೆಗೆ ಇಳಿದಾಗ ಆಸರೆಯಾಗಬೇಕಾದ ಹಣವೇ ಅದನ್ನು ಶೂನ್ಯಕ್ಕೆ ದೂಡಿತು.

ವೈದ್ಯನ ಹೆಂಡತಿಯ ಪ್ರಶ್ನೆಗೆ ವಿಮೆಯೇ ಉತ್ತರ. ಆಕೆಯೂ ದುಡಿದು ವಂತಿಗೆ ಕಟ್ಟಿದ್ದರೆ ಆಕೆ ಪಡೆಯಲಿ. ಕಟ್ಟಿಲ್ಲವಾದರೆ ಆ ಪ್ರಶ್ನೆ ಏಳುವುದಿಲ್ಲ. ಜರ್ಮನಿಯಲ್ಲಿ ವಿಮೆಯ ಭತ್ಯೆ ಕೈಸಂಬಳದ ಶೇಕಡಾ 60, ಮಗುವಿದ್ದರೆ 67. ಸಂಗಾತಿಯ ವರಮಾನವನ್ನು ಅಲ್ಲಿ ಯಾರೂ ಕೇಳುವುದಿಲ್ಲ. ಅದು ತೀರಿದ ಮೇಲೆ ಮಾತ್ರ ಆ ದೇಶದಲ್ಲೂ ಮನೆಯ ಪರೀಕ್ಷೆ. ಬ್ರಿಟನ್ನಿನಲ್ಲಿ ವಿಮೆಯ ಹಕ್ಕು 1996ಕ್ಕೆ ಮುಂಚಿನಂತೆ ಒಂದು ವರ್ಷಕ್ಕಾದರೂ ಮರಳಬೇಕು, ಮತ್ತು ಪರೀಕ್ಷೆಯ ಭತ್ಯೆಯಲ್ಲಿ ದುಡಿಯುತ್ತಿರುವ ಸಂಗಾತಿಯ ಸಂಬಳದ ಮೊದಲ ಭಾಗವನ್ನು, ಮಕ್ಕಳಿರಲಿ ಇಲ್ಲದಿರಲಿ, ಲೆಕ್ಕದಿಂದ ಹೊರಗಿಡಬೇಕು ಎಂಬುದು ನನ್ನ ಬಲವಾದ ಅಭಿಪ್ರಾಯ.

ಈ ಸಭೆಯಲ್ಲಿ ಮಕ್ಕಳನ್ನು ಬ್ರಿಟನ್ನಿಗೆ ಕಳುಹಿಸಿರುವ ತಂದೆತಾಯಿಗಳು ಇರಬಹುದಾದುದರಿಂದ ಒಂದು ಮಾತನ್ನು ಬಿಡದೆ ಹೇಳಬೇಕು. ವೀಸಾದ ಮೇಲಿರುವವರಿಗೆ ‘ಸಾರ್ವಜನಿಕ ನಿಧಿಯ ಆಶ್ರಯವಿಲ್ಲ’ ಎಂಬ ಷರತ್ತು ಸಾಮಾನ್ಯವಾಗಿ ಇರುತ್ತದೆ. ಯೂನಿವರ್ಸಲ್ ಕ್ರೆಡಿಟ್ ಆ ನಿಧಿಗೆ ಸೇರಿದುದು, ಅವರು ಅದನ್ನು ಕೇಳುವಂತಿಲ್ಲ. ಆದರೆ ವಂತಿಗೆಯಿಂದ ಬರುವ ‘ನ್ಯೂ ಸ್ಟೈಲ್’ ಜಾಬ್‌ಸೀಕರ್ಸ್ ಅಲೋಯನ್ಸ್ ಆ ಷರತ್ತಿನ ಅರ್ಥದಲ್ಲಿ ಸಾರ್ವಜನಿಕ ನಿಧಿಯಲ್ಲ. ಸೊಸೆಯೋ ಅಳಿಯನೋ ಅವಲಂಬಿತ ವೀಸಾದಲ್ಲಿ ದುಡಿದು, ಬೇಕಾದಷ್ಟು ವಂತಿಗೆ ಕಟ್ಟಿ, ಕೆಲಸ ಕಳೆದುಕೊಂಡಿದ್ದರೆ, ಸಂಗಾತಿಯ ಸಂಬಳ ಎಷ್ಟೇ ಇರಲಿ, ಅದನ್ನು ಹೆಸರು ಹಿಡಿದು ಕೇಳಬೇಕು. ಕೇಳದೆ ಹೋದರೆ ಮೇಜಿನ ಆಚೆಯವರು ಹೇಳುವರೆಂಬ ಭರವಸೆಯಿಲ್ಲ.

ನನ್ನ ಹಕ್ಕಿನ ಹಣ ಬರತೊಡಗಿದ ಮೇಲೆ ನಾನು ವಾರವಾರವೂ ಅದರಿಂದ ತರಕಾರಿ, ಅಕ್ಕಿ, ಬಸ್ಸಿನ ಚೀಟಿ ಕೊಂಡು, ಉಳಿದುದನ್ನು ಅಡುಗೆಮನೆಯ ಡಬ್ಬಿಯಲ್ಲಿಡುತ್ತಿದ್ದೆ. ನಮ್ಮಾಕೆ ಆ ಡಬ್ಬಿಯನ್ನು ಮುಟ್ಟುತ್ತಿರಲಿಲ್ಲ. “ಅದು ನಿಮ್ಮದು, ಇರಲಿ” ಎನ್ನುತ್ತಿದ್ದಳು. ಚಳಿಗಾಲದಲ್ಲಿ 26 ವಾರ ತುಂಬಿತು. ಮುಂದೆ ನಾನು ಏನನ್ನು ಕೇಳಿದರೂ ಅವಳ ಗಂಟೆಗಳನ್ನು ಹೇಳಿಯೇ ಕೇಳಬೇಕಾಗಿತ್ತು, ಆದುದರಿಂದ ಕೇಳಲಿಲ್ಲ. ಇದನ್ನು ಅವಳಿಗೆ ಹೇಗೆ ಹೇಳಲೆಂದು ಎರಡು ದಿನ ಯೋಚಿಸಿ, ಮೂರನೆಯ ದಿನ ಬೆಳಿಗ್ಗೆ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಅವಳ ಡ್ಯೂಟಿಯ ಪಟ್ಟಿಯನ್ನು ನೋಡಿದೆ. ಮುಂದಿನ ತಿಂಗಳ ಶನಿವಾರಗಳ ರಾತ್ರಿಪಾಳಿಗೆ ಅವಳು ಆಗಲೇ ಹೆಸರು ಬರೆಸಿಬಿಟ್ಟಿದ್ದಳು.